ಮೊದಲ ಗಿಟಾರ್ ಕಟ್ಟಲು ಯಾವ ಉಪಕರಣ ಕೊಳ್ಳಬೇಕು, ಯಾವುದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು?

ಆರುತಂತಿ, ಬಿಜೈ

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನ ಬಿಜೈಯವನು, ವೃತ್ತಿಯಲ್ಲಿ ಲೆಕ್ಕಪತ್ರ ನೋಡುವವನು. ಇಪ್ಪತ್ತು ವರ್ಷಗಳಿಂದ ಗಿಟಾರ್ ನುಡಿಸುತ್ತಿದ್ದರೂ ಮರಗೆಲಸದಲ್ಲಿ ನನ್ನ ಅನುಭವವೆಂದರೆ ಎರಡು ಪುಸ್ತಕದ ಕಪಾಟುಗಳು ಮತ್ತು ನಾಲ್ಕು ಕಾಲೂ ಒಟ್ಟಿಗೆ ನೆಲ ಮುಟ್ಟದ ಒಂದು ಸ್ಟೂಲು, ಅಷ್ಟೆ. ಈಗ ಉಕ್ಕಿನ ತಂತಿಯ ಅಕೂಸ್ಟಿಕ್ ಗಿಟಾರ್ ಒಂದನ್ನು ನಾನೇ ಕಟ್ಟಲು ಹೊರಟಿದ್ದೇನೆ. ಕುತ್ತಿಗೆಯ ತುದಿಯಲ್ಲಿ ತಂತಿಗಳು ಕೂರುವ ನಟ್‌ನಿಂದ ಪೆಟ್ಟಿಗೆಯ ಮೇಲೆ ಅವು ಆನುವ ಸ್ಯಾಡಲ್‌ವರೆಗಿನ ತಂತಿಯ ಉದ್ದ 645 ಮಿಲಿಮೀಟರ್ ಎಂದು ನಿಶ್ಚಯಿಸಿ, ಮೇಲ್ಹಲಗೆಗೆ ಸ್ಪ್ರೂಸ್ ಮರದ ಹಲಗೆಗಳ ಜೋಡಿಯೊಂದನ್ನು ತರಿಸಿದ್ದಾಗಿದೆ. ಬೆನ್ನಿಗೂ ಪಕ್ಕಗಳಿಗೂ ಬೀಟೆ ಮರವಿದೆ. ಅಜ್ಜನ ಮನೆಯನ್ನು ಕೆಡವಿದಾಗ ಉಳಿದ ಮಂಚದ ಹಲಗೆಗಳನ್ನು ಮರದ ಮಿಲ್ಲಿನಲ್ಲಿ 4 ಮಿಲಿಮೀಟರ್ ದಪ್ಪಕ್ಕೆ ಸೀಳಿಸಿಕೊಂಡು ಬಂದಿದ್ದೇನೆ.

ನನ್ನ ತೊಂದರೆ ಇರುವುದು ಉಪಕರಣಗಳಲ್ಲಿ. ಗಿಟಾರ್ ಕಟ್ಟುವವರಿಗೆಂದೇ ವಿದೇಶದಲ್ಲಿ ಮಾರುವ ಉಪಕರಣಗಳ ಪಟ್ಟಿಯನ್ನು ನೋಡಿದರೆ ಐವತ್ತಕ್ಕೂ ಹೆಚ್ಚು ವಸ್ತುಗಳಿವೆ, ಸಾಗಣೆ ಮತ್ತು ಸುಂಕ ಸೇರಿಸಿದರೆ ಒಳ್ಳೆಯ ಗಿಟಾರನ್ನೇ ಎರಡು ಸಲ ಕೊಳ್ಳಬಹುದು. ನನ್ನ ಬಳಿ ಈಗ ಮಾವನವರು ಬಿಟ್ಟುಹೋದ ಒಂದು ಕೀಸುಳಿ, ಎರಡು ಉಳಿ, ಒಂದು ಕೈಗರಗಸ, ಡ್ರಿಲ್ ಯಂತ್ರ ಮತ್ತು ನಾಲ್ಕು ಕ್ಲಾಂಪ್‌ಗಳಿವೆ. ಉಪಕರಣಗಳಿಗೆ ಹದಿನೈದು ಸಾವಿರ ರೂಪಾಯಿಗಿಂತ ಹೆಚ್ಚು ಹಾಕಲು ಮನಸ್ಸಿಲ್ಲ, ಮನೆಯಲ್ಲಿ ಒಪ್ಪಿಗೆಯೂ ಇಲ್ಲ.

ಆದ್ದರಿಂದ ಅನುಭವಿಗಳಲ್ಲಿ ಕೇಳುವುದಿಷ್ಟು. ಪಕ್ಕದ ಪಟ್ಟಿಗಳನ್ನು ಬಗ್ಗಿಸುವ ಬಿಸಿ ಕೊಳವೆಯನ್ನು ಇಲ್ಲೇ ಮಾಡಿಸಿಕೊಳ್ಳಬಹುದೇ? ಕುತ್ತಿಗೆಯ ಮೇಲೆ ಅಡ್ಡಲಾಗಿ ಕೂರುವ ಲೋಹದ ಫ್ರೆಟ್‌ಗಳ ಸೀಳನ್ನು ಸಾಮಾನ್ಯ ಹ್ಯಾಕ್ಸಾ ಬ್ಲೇಡಿನಿಂದ ಕೊಯ್ಯಬಹುದೇ? ಬ್ರೇಸ್‌ಗಳನ್ನು, ಅಂದರೆ ಹಲಗೆಯ ಒಳಬದಿಗೆ ಬಲ ಕೊಡುವ ಮರದ ಪಟ್ಟಿಗಳನ್ನು, ಅಂಟಿಸಲು ಮೇಲೊಂದು ಕೆಳಗೊಂದು ಹಲಗೆಯಿಟ್ಟು ನಡುವೆ ಬಾಗಿದ ಕೋಲುಗಳನ್ನು ಒತ್ತು ಕೊಡುವ ಚೌಕಟ್ಟು, ಅಂದರೆ ಗೋಬಾರ್ ಡೆಕ್, ನಿಜವಾಗಿ ಅಗತ್ಯವೇ ಅಥವಾ ಕ್ಲಾಂಪ್‌ಗಳೇ ಸಾಕೇ? ಕೊನೆಯದಾಗಿ, ಈಗ ಆಟಿ ತಿಂಗಳು, ಹೊರಗೆ ಮಳೆ ಬಿಡುತ್ತಿಲ್ಲ. ಈಗಲೇ ಕೆಲಸ ಶುರು ಮಾಡಿದರೆ ತಪ್ಪೇ?

ಇನ್ನೊಂದು ಸಂಗತಿ. ಅಭ್ಯಾಸಕ್ಕೆಂದು ಒಂದು ರೀಪಿನ ಮೇಲೆ ಫ್ರೆಟ್‌ಗಳ ಜಾಗವನ್ನು ಗುರುತಿಸಿದೆ. ಹಳೆಯ ಬರಹವೊಂದರಲ್ಲಿ ಹೇಳಿದಂತೆ ಉದ್ದವನ್ನು 18ರಿಂದ ಭಾಗಿಸಿ, ಉಳಿದ ಉದ್ದವನ್ನು ಮತ್ತೆ 18ರಿಂದ ಭಾಗಿಸುತ್ತ ಹೋದೆ. ಹನ್ನೆರಡನೆಯ ಫ್ರೆಟ್ ಸರಿಯಾಗಿ ಅರ್ಧಕ್ಕೆ, ಅಂದರೆ 322.5 ಮಿಲಿಮೀಟರಿಗೆ ಬೀಳಬೇಕಿತ್ತು. ಎರಡು ಮಿಲಿಮೀಟರಿಗಿಂತ ಹೆಚ್ಚು ಹಿಂದೆಯೇ ಉಳಿಯಿತು. ನನ್ನ ಲೆಕ್ಕ ತಪ್ಪಿತೇ, ಅಳತೆ ತಪ್ಪಿತೇ ತಿಳಿಯುತ್ತಿಲ್ಲ.

ಕಾರ್ಯಾಗಾರ, ಮಣಿಪಾಲ

ಆರುತಂತಿಯವರೇ, ನಾನು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕಾರ್ಯಾಗಾರದ ಪಾಠ ಹೇಳಿ ನಿವೃತ್ತನಾದವನು. ಇದುವರೆಗೆ ಐದು ಗಿಟಾರ್ ಕಟ್ಟಿದ್ದೇನೆ. ಅವುಗಳಲ್ಲಿ ಮೂರು ನುಡಿಸಲು ಯೋಗ್ಯವಾಗಿವೆ.

ತಮ್ಮ ಕೊನೆಯ ಪ್ರಶ್ನೆಗಳಿಂದಲೇ ಆರಂಭಿಸುತ್ತೇನೆ. ತಮ್ಮ ಲೆಕ್ಕದಲ್ಲಿ ತಪ್ಪಿಲ್ಲ, ತಪ್ಪಿರುವುದು 18ರಲ್ಲಿ. ಹದಿನಾರನೆಯ ಶತಮಾನದಲ್ಲಿ ಲ್ಯೂಟ್ ಎಂಬ ತಂತಿವಾದ್ಯದ ವಾದಕ ವಿಂಚೆಂಜೊ ಗೆಲಿಲಿ, ಅಂದರೆ ವಿಜ್ಞಾನಿ ಗೆಲಿಲಿಯೊನ ತಂದೆ, 18ಕ್ಕೆ 17ರ ಅನುಪಾತವನ್ನು ಶಿಫಾರಸು ಮಾಡಿದ್ದ. ಅದು ಕೈಲೆಕ್ಕಕ್ಕೆ ಸುಲಭವಾದ ಅಂದಾಜು. ನಿಜವಾದ ಭಾಜಕ 17.817. ತಮ್ಮ 645 ಮಿಲಿಮೀಟರಿಗೆ ಮೊದಲ ಫ್ರೆಟ್ 36.20ಕ್ಕೆ ಬರುತ್ತದೆ, 18ರಿಂದ ಭಾಗಿಸಿದರೆ 35.83. ಈ ಸಣ್ಣ ಕೊರತೆ ಹನ್ನೆರಡು ಸಲ ಕೂಡಿಕೊಂಡು ಕೊನೆಗೆ 2.35 ಮಿಲಿಮೀಟರ್ ಆಗುತ್ತದೆ. ತಂತಿಯನ್ನು ಒತ್ತಿದಾಗ ಅದು ಬಿಗಿಯಾಗಿ ಸ್ವರ ಸ್ವಲ್ಪ ಏರುವುದರಿಂದ ಹಳೆಯ ವಾದ್ಯಗಳಲ್ಲಿ ಈ ದೋಷದ ಒಂದು ಪಾಲು ಮುಚ್ಚಿಹೋಗುತ್ತಿತ್ತು, ಆದರೆ ಇಂದು ನಾವು ಆ ಏರಿಕೆಯನ್ನು ಸ್ಯಾಡಲ್ ಹಿಂದೆ ಸರಿಸಿ ಸರಿಪಡಿಸುತ್ತೇವೆ. ಫ್ರೆಟ್‌ಗಳಲ್ಲಿ ರಾಜಿ ಬೇಡ. ಎಲ್ಲ ಫ್ರೆಟ್‌ಗಳನ್ನೂ ನಟ್‌ನಿಂದಲೇ ಅಳೆಯಿರಿ, ಒಂದರಿಂದ ಇನ್ನೊಂದಕ್ಕೆ ಅಳೆಯುತ್ತ ಹೋಗಬೇಡಿ. ಹಾಗೆ ಹೋದರೆ ಪೆನ್ಸಿಲ್ ಗೆರೆಯ ದಪ್ಪವೇ ಇಪ್ಪತ್ತು ಸಲ ಕೂಡಿಕೊಳ್ಳುತ್ತದೆ. ಇದಕ್ಕಾಗಿ ಅರ್ಧ ಮಿಲಿಮೀಟರ್ ಗುರುತುಗಳಿರುವ ಒಂದು ಒಳ್ಳೆಯ ಉಕ್ಕಿನ ಅಳತೆಪಟ್ಟಿಯನ್ನೂ ಹರಿತವಾದ ಗೀರುಚೂರಿಯನ್ನೂ ಕೊಳ್ಳಿ.

ಇನ್ನು ಮಳೆಯ ಮಾತು. ತಮ್ಮ ಪಟ್ಟಿಯಲ್ಲಿ ಇಲ್ಲದೇ ಇರುವ, ಆದರೆ ನಮ್ಮ ಕರಾವಳಿಯಲ್ಲಿ ಎಲ್ಲಕ್ಕಿಂತ ಮೊದಲು ಬೇಕಾದ ಉಪಕರಣವೆಂದರೆ ಗಾಳಿಯ ತೇವವನ್ನು ತೋರಿಸುವ ಮಾಪಕ. ಗಿಟಾರ್ ಕಟ್ಟುವವರು ಸಾಮಾನ್ಯವಾಗಿ ಶೇಕಡ 40ರಿಂದ 50ರ ನಡುವಿನ ತೇವದಲ್ಲಿ ಬ್ರೇಸ್ ಅಂಟಿಸುತ್ತಾರೆ. ನಮ್ಮಲ್ಲಿ ಆಟಿಯಲ್ಲಿ ಅದು 85 ದಾಟುತ್ತದೆ. ಶೇಕಡ 45ರ ಗಾಳಿಯಲ್ಲಿ ಮರದೊಳಗೆ ನಿಲ್ಲುವ ನೀರು ಅದರ ಒಣ ತೂಕದ ಶೇಕಡ ಎಂಟೂವರೆಯಷ್ಟು. 85ರ ಗಾಳಿಯಲ್ಲಿ ಅದರ ಎರಡರಷ್ಟು. ಈ ವ್ಯತ್ಯಾಸಕ್ಕೆ 400 ಮಿಲಿಮೀಟರ್ ಅಗಲದ ಸ್ಪ್ರೂಸ್ ಹಲಗೆ ಸುಮಾರು 5 ಮಿಲಿಮೀಟರ್ ಹಿಗ್ಗುತ್ತದೆ. ಹಿಗ್ಗಿದ ಹಲಗೆಗೆ ಅಡ್ಡಲಾಗಿ ಬ್ರೇಸ್ ಅಂಟಿಸಿದಿರೆಂದು ಇಟ್ಟುಕೊಳ್ಳಿ. ಗಿಟಾರ್ ಮುಂದೆ ಫೆಬ್ರವರಿಯ ಬೆಂಗಳೂರಿಗೋ ಎಸಿ ಕೋಣೆಗೋ ಹೋದಾಗ ಹಲಗೆ ಕುಗ್ಗಲು ನೋಡುತ್ತದೆ, ಅಂಟು ಬಿಡುವುದಿಲ್ಲ, ಹಲಗೆಯೇ ಸೀಳುತ್ತದೆ.

ಅಗ್ಗದ ಮಾಪಕಗಳನ್ನು ನಂಬುವಂತಿಲ್ಲ, ಆದರೆ ಪರೀಕ್ಷಿಸುವುದು ಸುಲಭ. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪನ್ನು ತೆಗೆದುಕೊಂಡು, ಕರಗಿ ನೀರಾಗದಂತೆ, ಒದ್ದೆ ಮರಳಿನಷ್ಟು ಮಾತ್ರ ನೆನೆಸಿ, ಮಾಪಕದೊಂದಿಗೆ ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಒಂದು ದಿನ ಇಡಿ. ಒಳಗಿನ ತೇವ ಶೇಕಡ 75ಕ್ಕೆ ಬಂದು ನಿಲ್ಲುತ್ತದೆ. ಮಾಪಕ ಎಷ್ಟು ತೋರಿಸುತ್ತದೆಯೋ ನೋಡಿ, ವ್ಯತ್ಯಾಸವನ್ನು ಅದರ ಬೆನ್ನಿಗೆ ಬರೆದಿಡಿ.

ಒಣಗಿಸಲು ಹಳೆಯ ಉಕ್ಕಿನ ಕಪಾಟು ಸಾಕು. ತಳದಲ್ಲಿ 40 ವಾಟಿನ ಹಳೆಯ ಕಾಲದ ಬಲ್ಬನ್ನು, ಮರಕ್ಕೂ ಬಟ್ಟೆಗೂ ತಾಗದಂತೆ ತಂತಿಯ ಬಲೆಯೊಳಗೆ, ಉರಿಸಿ. ಎಲ್‌ಇಡಿ ಬಲ್ಬಿನಿಂದ ಪ್ರಯೋಜನವಿಲ್ಲ, ನಮಗೆ ಬೇಕಾದದ್ದು ಬೆಳಕಲ್ಲ. 28 ಡಿಗ್ರಿಯಲ್ಲಿ ಶೇಕಡ 85 ತೇವವಿರುವ ಗಾಳಿಯನ್ನು ಅದೇ ನೀರಿನಂಶದೊಂದಿಗೆ 38 ಡಿಗ್ರಿಗೆ ಬಿಸಿ ಮಾಡಿದರೆ ತೇವ 50ಕ್ಕಿಂತ ಕೆಳಗಿಳಿಯುತ್ತದೆ. ತಮ್ಮ ಕೀಸುಳಿ, ಉಳಿಗಳನ್ನೂ ಅದರಲ್ಲೇ ಇಡಿ. ಇಲ್ಲಿ ಮಳೆಗಾಲದಲ್ಲಿ ತುಕ್ಕು ರಾತ್ರಿ ಬೆಳಗಾಗುವುದರೊಳಗೆ ಹಿಡಿಯುತ್ತದೆ.

ನನ್ನ ಅಭಿಪ್ರಾಯದಲ್ಲಿ ದುಡ್ಡು ಹಾಕಬೇಕಾದ ಇನ್ನೊಂದು ವಸ್ತು ಡಯಲ್ ಗೇಜು, ಒಂದು ಮಿಲಿಮೀಟರಿನ ನೂರನೆಯ ಭಾಗವನ್ನು ತೋರಿಸುವಂಥದ್ದು. ಅದನ್ನು ಹಿಡಿಯುವ ಚೌಕಟ್ಟನ್ನು ಮಾತ್ರ 18 ಮಿಲಿಮೀಟರ್ ಪ್ಲೈವುಡ್‌ನಿಂದ ತಾವೇ ಕೊಯ್ದುಕೊಳ್ಳಿ: ಇಂಗ್ಲಿಷಿನ ಯು ಅಕ್ಷರವನ್ನು ಮಗ್ಗುಲಿಗೆ ಮಲಗಿಸಿದ ಆಕಾರ, ಬಾಯಿಯ ಆಳ ಕನಿಷ್ಠ 220 ಮಿಲಿಮೀಟರ್, ಕೆಳದವಡೆಯಲ್ಲಿ ಉರುಟು ತಲೆಯ ಒಂದು ಬೋಲ್ಟು, ಮೇಲ್ದವಡೆಯಲ್ಲಿ ಗೇಜು. ಹಲಗೆಯನ್ನು ಅದರ ನಡುವೆ ಜಾರಿಸುತ್ತ ಹೋದರೆ ಎಲ್ಲಿ 2.9 ಇದೆ, ಎಲ್ಲಿ 2.6ಕ್ಕೆ ಇಳಿದಿದೆ ಎಂಬುದು ಕಣ್ಣೆದುರಿಗೇ ಕಾಣುತ್ತದೆ. ಚೌಕಟ್ಟಿನ ಸಮೇತ ಕೊಳ್ಳಲು ಹೋದರೆ ಇಡೀ ಪಟ್ಟಿಯಲ್ಲಿ ಅತ್ಯಂತ ದುಬಾರಿಯಾದ ವಸ್ತುಗಳಲ್ಲಿ ಇದೂ ಒಂದು.

ಗೋಬಾರ್ ಡೆಕ್ ಖಂಡಿತ ಮಾಡಿಕೊಳ್ಳಿ. ಎರಡು ದಪ್ಪ ಹಲಗೆ, ಮೂಲೆಗಳಲ್ಲಿ ನಾಲ್ಕು ಚೂಡಿಯ (ಥ್ರೆಡ್ ಇರುವ) ಸರಳು, ಅಷ್ಟೆ. ನಡುವಿನ ಅಂತರ 600 ಮಿಲಿಮೀಟರ್ ಇದ್ದರೆ, ಕೋಲಿನ ಉದ್ದವು ಕೆಲಸದ ದಪ್ಪವನ್ನು ಕಳೆದು ಉಳಿದ ಜಾಗಕ್ಕಿಂತ ಹದಿನೈದು ಇಪ್ಪತ್ತು ಮಿಲಿಮೀಟರ್ ಹೆಚ್ಚಿರಲಿ. ಇದರಲ್ಲೊಂದು ಸೊಗಸಿದೆ. ಒಮ್ಮೆ ಬಾಗಿದ ಕೋಲು ಇನ್ನೂ ಸ್ವಲ್ಪ ಬಾಗಿದರೂ ಅದರ ಒತ್ತಡ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆದ್ದರಿಂದ ಇಪ್ಪತ್ತು ಕೋಲುಗಳ ಉದ್ದ ತುಸು ಹೆಚ್ಚುಕಡಿಮೆಯಾದರೂ ಬ್ರೇಸ್ ಉದ್ದಕ್ಕೂ ಒತ್ತು ಸಮನಾಗಿ ಬೀಳುತ್ತದೆ. ಆದರೆ ದಪ್ಪವನ್ನು ಎರಡರಷ್ಟು ಮಾಡಿದರೆ ಒತ್ತಡ ಎಂಟರಷ್ಟಾಗುತ್ತದೆ. ಕೋಲನ್ನು ಅಡುಗೆಮನೆಯ ತೂಕದ ಯಂತ್ರದ ಮೇಲೆ ಊರಿ ಬಗ್ಗಿಸಿ ನೋಡಿ. ನಾಲ್ಕೈದು ಕಿಲೋ ತೋರಿಸಿದರೆ ಸರಿ.

ಹಲಗೆಗೆ ಉಬ್ಬು ಕೊಡುವ ಬೋಗುಣಿಯಂಥ ಅಚ್ಚಿನ ಬಗ್ಗೆ ಒಂದು ಮಾತು. ಬೆನ್ನಿಗೆ 15 ಅಡಿ, ಮೇಲ್ಹಲಗೆಗೆ 28 ಅಡಿ ತ್ರಿಜ್ಯವೆಂದು ಓದಿದಾಗ ದೊಡ್ಡದೇನೋ ಅನ್ನಿಸುತ್ತದೆ. 600 ಮಿಲಿಮೀಟರ್ ವ್ಯಾಸದ ಅಚ್ಚಿನ ನಡುವಿನ ಆಳ ಬೆನ್ನಿಗೆ 9.8, ಮೇಲ್ಹಲಗೆಗೆ 5.3 ಮಿಲಿಮೀಟರ್ ಮಾತ್ರ. ಮರ ಕೊರೆಯುವ ರೂಟರ್ ಯಂತ್ರ ಇಲ್ಲದವರು ಮೊದಲ ಗಿಟಾರಿಗೆ ಇದನ್ನು ಬಿಟ್ಟು, ಬ್ರೇಸ್‌ಗಳ ತಳವನ್ನೇ ಆ ಬಾಗಿಗೆ ಕೆತ್ತಿ ಅಂಟಿಸಬಹುದು.

ಬೈತಲೆ ಉಳಿ, ಕಟಪಾಡಿ

ನಮಸ್ಕಾರ. ಮೇಷ್ಟ್ರು ಲೆಕ್ಕವನ್ನು ಚೆನ್ನಾಗಿ ಹೇಳಿದ್ದಾರೆ. ನನಗೆ ತಿಳಿದಿರುವುದು ಕೈಯ ಕೆಲಸ. ನಾವು ತಲೆಮಾರಿನಿಂದ ಬಡಗಿಗಳು. ಯಕ್ಷಗಾನದ ಮದ್ದಳೆಗೆ ಹಲಸಿನ ಕಳಸಿಗೆಯನ್ನು, ಅಂದರೆ ಮರದ ಒಡಲನ್ನು, ಕಡೆದು ಕೊಡುತ್ತಿದ್ದ ಮನೆ ನಮ್ಮದು. ಗಿಟಾರಿನ ಕೆಲಸ ನನಗೆ ಬಂದದ್ದು ತಡವಾಗಿ, ಅದೂ ಒಬ್ಬ ಗಿರಾಕಿಯ ಒತ್ತಾಯಕ್ಕೆ. ಇಂದಿನ ಗಿಟಾರಿಗೆ ಆಕಾರ ಕೊಟ್ಟ ಸ್ಪೇನಿನ ಆಂಟೋನಿಯೊ ದೆ ಟೋರೆಸ್ ಅವರೂ ಮೊದಲು ಬಡಗಿಯೇ ಆಗಿದ್ದರೆಂದು ತಿಳಿದ ಮೇಲೆ ನನಗೂ ಸ್ವಲ್ಪ ಧೈರ್ಯ ಬಂತು. ಅವರ ಕಾಲದಲ್ಲಿ ಕರೆಂಟೂ ಇರಲಿಲ್ಲ, ಡಯಲ್ ಗೇಜೂ ಇರಲಿಲ್ಲ.

ಬಿಸಿ ಕೊಳವೆಯನ್ನು ಕೊಳ್ಳಬೇಡಿ. ಬೈಕಂಪಾಡಿಯಲ್ಲಾಗಲಿ ಮಣಿಪಾಲದ ಕೈಗಾರಿಕಾ ಪ್ರದೇಶದಲ್ಲಾಗಲಿ ಯಾವುದೇ ಲೇತ್ ಅಂಗಡಿಗೆ ಹೋಗಿ ಎರಡೂವರೆ ಮೂರು ಇಂಚು ವ್ಯಾಸದ, ಒಂದು ಗೇಣು ಉದ್ದದ ಅಲ್ಯೂಮಿನಿಯಂ ಅಥವಾ ಸ್ಟೀಲ್ ಕೊಳವೆಯ ತುಂಡನ್ನು ಕೇಳಿ. ವೈಸಿನಲ್ಲಿ ಸ್ವಲ್ಪ ಅಮುಕಿಸಿ ಮೊಟ್ಟೆಯಾಕಾರ ಮಾಡಿಸಿಕೊಳ್ಳಿ, ಆಗ ಚೂಪಾದ ಕಡೆ ಗಿಟಾರಿನ ನಡುವಿಗೂ ಅಗಲವಾದ ಕಡೆ ಹೊಟ್ಟೆಗೂ ಒದಗುತ್ತದೆ. ಜಿಐ ಕೊಳವೆ ಬೇಡ. ಅದರ ಸತುವಿನ ಲೇಪ ಬೆಂಕಿಗೆ ಸುಟ್ಟರೆ ಬರುವ ಹೊಗೆ ಜ್ವರ ತರಿಸುತ್ತದೆ. ಬರಿಯ ಕಬ್ಬಿಣವೂ ಬೇಡ, ಒದ್ದೆ ಮರದ ಒಗರು ಕಬ್ಬಿಣಕ್ಕೆ ತಾಗಿದರೆ ಕಪ್ಪು ಕಲೆಯಾಗುತ್ತದೆ, ಆ ಕಲೆ ಆಳಕ್ಕೆ ಇಳಿಯುತ್ತದೆ. ಶಾಖಕ್ಕೆ ಕೊಳವೆಯ ಒಳಗೆ ಹಳೆಯ ಇಸ್ತ್ರಿಪೆಟ್ಟಿಗೆಯ ಎಲಿಮೆಂಟನ್ನು ಅದರ ಥರ್ಮೋಸ್ಟಾಟ್ ಸಮೇತ ಕೂರಿಸಬಹುದು. ಇದನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ, ಕೊಳವೆಗೆ ಅರ್ತಿಂಗ್ ಕೊಡಿಸಿ. ಒದ್ದೆ ಮರ, ಒದ್ದೆ ಕೈ, ಲೋಹ, ಕರೆಂಟು ನಾಲ್ಕೂ ಒಂದೇ ಕಡೆ ಸೇರುವ ಕೆಲಸವಿದು. ಕೆಲವರು ಫ್ಯಾನಿನ ರೆಗ್ಯುಲೇಟರನ್ನು ಹಾಕುತ್ತಾರೆ. 750 ವಾಟಿನ ಎಲಿಮೆಂಟಿಗೆ ಅದು ತಡೆಯುವುದಿಲ್ಲ, ಸುಟ್ಟುಹೋಗುತ್ತದೆ.

ಕೊಳವೆ ಎಷ್ಟು ಕಾದಿರಬೇಕೆಂದು ಕೇಳಿದರೆ ಮೇಷ್ಟ್ರು 150 ಡಿಗ್ರಿಗಿಂತ ಸ್ವಲ್ಪ ಮೇಲೆ ಎನ್ನಬಹುದು. ನಾನು ನೀರುದೋಸೆಯ ಕಾವಲಿಯನ್ನು ನೆನಪಿಸಿಕೊಳ್ಳುತ್ತೇನೆ. ಕೈ ಒದ್ದೆ ಮಾಡಿ ನಾಲ್ಕು ಹನಿ ಚಿಮುಕಿಸಿ. ಹನಿ ಅಲ್ಲೇ ಕುಳಿತು ಮೆಲ್ಲಗೆ ಆರಿದರೆ ಶಾಖ ಸಾಲದು. ಚುಂಯ್ ಎಂದು ತಕ್ಷಣ ಹಾರಿಹೋದರೆ ಹದ ಬಂದಿದೆ. ಹನಿ ಗುಂಡಗಾಗಿ ಓಡಾಡತೊಡಗಿದರೆ ಕಾವು ಮಿತಿಮೀರಿದೆ, ಮರ ಸುಡುತ್ತದೆ. ಪಟ್ಟಿಯನ್ನು ಮೊದಲು 2 ಮಿಲಿಮೀಟರಿನ ಸುತ್ತಮುತ್ತ ಎಲ್ಲ ಕಡೆ ಒಂದೇ ದಪ್ಪಕ್ಕೆ ತನ್ನಿ, ಯಾಕೆಂದರೆ ತೆಳುವಾದ ಕಡೆಯೇ ಮಡಚಿ ಮುರಿಯುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ ನಡುವಿನ ಬಾಗಿನಿಂದ ಶುರು ಮಾಡಿ. ಕೈಯಿಂದ ಬಗ್ಗಿಸಲು ಹೋಗಬೇಡಿ; ಮರವನ್ನು ಕೊಳವೆಗೆ ಒರಗಿಸಿ, ಹಿಂದಿನಿಂದ ಒಂದು ತೆಳು ತಗಡಿನ ಪಟ್ಟಿಯನ್ನು ಆನಿಸಿಕೊಂಡು, ಮೆತ್ತಗೆ ತೂಗುತ್ತಿರಿ. ಸ್ವಲ್ಪ ಹೊತ್ತಿನಲ್ಲಿ ಅಂಗೈಗೆ ಗೊತ್ತಾಗುತ್ತದೆ, ಬಿಗಿದುಕೊಂಡಿದ್ದ ಮರ ಇದ್ದಕ್ಕಿದ್ದಂತೆ ಮೇಣದ ಹಾಗೆ ಸಡಿಲವಾಗುತ್ತದೆ. ಬಗ್ಗಿಸಬೇಕಾದದ್ದು ಆ ಕ್ಷಣದಲ್ಲಿ. ತಮ್ಮ ಬೀಟೆ ಹಳೆಯದಾದರೂ ಹೆದರಬೇಕಾಗಿಲ್ಲ, ನೇರ ಎಳೆಯ ಬೀಟೆಯಷ್ಟು ಹೇಳಿದ ಮಾತು ಕೇಳುವ ಮರ ಕಡಿಮೆ. ಅಮೆರಿಕದ ಮಾರ್ಟಿನ್ ಕಂಪೆನಿ 1969ರಲ್ಲಿ ಬ್ರೆಜಿಲಿನ ಬೀಟೆಯನ್ನು ಬಿಟ್ಟು ಭಾರತದ ಬೀಟೆಗೆ ತಿರುಗಿತಂತೆ. ಅವರು ಹಡಗಿನಲ್ಲಿ ತರಿಸಿಕೊಂಡ ಜಾತಿಯ ಮರದ ಮೇಲೆ ತಮ್ಮ ಅಜ್ಜ ಮಲಗಿದ್ದರು.

ಗೋಬಾರ್ ಕೋಲುಗಳಿಗೆ ಅಡಕೆ ದಬ್ಬೆ ಸಾಕು. ಆದರೆ ದಬ್ಬೆ ಪೂರ್ತಿ ಒಣಗಿರಬೇಕು, ಒಳಗಿನ ಮೆದು ನಾರನ್ನೆಲ್ಲ ಕೆತ್ತಿ ತೆಗೆದು ಹೊರಗಿನ ಕರಿಯ ಗಟ್ಟಿ ಭಾಗವನ್ನಷ್ಟೇ ಉಳಿಸಿಕೊಳ್ಳಬೇಕು. ಐದು ಮಿಲಿಮೀಟರ್ ದಪ್ಪ, ಹನ್ನೆರಡು ಅಗಲ. ಹಸಿ ದಬ್ಬೆ ರಾತ್ರಿಯಿಡೀ ಬಾಗಿ ನಿಂತರೆ ಬೆಳಿಗ್ಗೆ ಬಾಗಿದ ಹಾಗೆಯೇ ಉಳಿದುಬಿಡುತ್ತದೆ. ಬಿದಿರು ಇದಕ್ಕಿಂತ ಮೇಲು, ಸಿಬಿರು ಏಳದಂತೆ ಅಂಚು ಉಜ್ಜಿಕೊಳ್ಳಬೇಕು. ತುದಿಗಳಿಗೆ ಸೈಕಲ್ ಟ್ಯೂಬಿನ ಚೂರನ್ನು ಕಟ್ಟುವುದನ್ನು ಮರೆಯಬೇಡಿ. ಹೋದ ವರ್ಷ ನನ್ನದೇ ಒಂದು ಕೋಲು ಜಾರಿ ಮೇಲ್ಹಲಗೆಗೆ ಬಡಿದು ಉಗುರಿನಷ್ಟು ತಗ್ಗಾಯಿತು. ಒದ್ದೆ ಬಟ್ಟೆಯಿಟ್ಟು ಇಸ್ತ್ರಿಪೆಟ್ಟಿಗೆಯ ಮೂತಿಯನ್ನು ಎರಡು ಸಲ ಮುಟ್ಟಿಸಿದ ಮೇಲೆ ಮರ ಉಬ್ಬಿ ತಗ್ಗು ತುಂಬಿಕೊಂಡಿತು. ಈಗಲೂ ಓರೆ ಬೆಳಕಿನಲ್ಲಿ ನೋಡಿದರೆ ನನಗೆ ಕಾಣುತ್ತದೆ, ಗಿರಾಕಿಗೆ ಕಾಣುವುದಿಲ್ಲ.

ಇವೆಲ್ಲಕ್ಕಿಂತ ಮುಂಚೆ ತಮ್ಮ ಮಾವನವರ ಕೀಸುಳಿಯನ್ನು ಮಸೆಯಿರಿ. ಗ್ರಾನೈಟ್ ಅಂಗಡಿಯ ಹಿಂದೆ ಬಿದ್ದಿರುವ ಪಾಲಿಶ್ ಮಾಡಿದ ತುಂಡೊಂದನ್ನು ಕೇಳಿ ತನ್ನಿ. ಕಾರ್ಕಳದ ಕಡೆಯವರಿಗೆ ಇದು ಹುಡುಕುವ ವಸ್ತುವೇ ಅಲ್ಲ. ಅದರ ಮೇಲೆ ನೀರು ಕಾಗದವನ್ನು, ಅಂದರೆ ನೀರು ಹಾಕಿ ಉಜ್ಜುವ ಮರಳು ಕಾಗದವನ್ನು, 400, 800, 1500 ಹೀಗೆ ಒಂದಾದ ಮೇಲೊಂದರಂತೆ ಅಂಟಿಸಿ ಮೊದಲು ಕೀಸುಳಿಯ ತಳವನ್ನು, ಆಮೇಲೆ ಅಲಗನ್ನು ತಿಕ್ಕಿ. ಎರಡು ಹಲಗೆಗಳ ಅಂಚನ್ನು ಕೂಡಿಸಿ ಕಿಟಕಿಗೆ ಹಿಡಿದಾಗ ಎಲ್ಲಿಯೂ ಬೆಳಕಿನ ಗೆರೆ ತೂರಬಾರದು. ಆ ಅಂಚನ್ನು ಯಾವ ಯಂತ್ರಕ್ಕಿಂತಲೂ ಹರಿತವಾದ ಕೀಸುಳಿಯೇ ಚೆನ್ನಾಗಿ ಕೊಡುತ್ತದೆ. ಬೀಟೆಯ ಮುಖವನ್ನು ನುಣುಪು ಮಾಡಲು ಬೇಕಾದ ಕೆರೆಯುವ ತಗಡನ್ನು ಹಳೆಯ ಕೈಗರಗಸದಿಂದ ಕತ್ತರಿಸಿಕೊಳ್ಳಿ. ಲೇತ್ ಅಂಗಡಿಯವರು ಎಸೆಯುವ ದೊಡ್ಡ ಯಂತ್ರದ ಹ್ಯಾಕ್ಸಾ ಬ್ಲೇಡನ್ನು ಸಾಣೆ ಹಿಡಿದರೆ ಬ್ರೇಸ್ ಕೆತ್ತುವ ಚೂರಿ ಆಗುತ್ತದೆ; ನನ್ನ ಬಳಿ ಇರುವ ಮೂರು ಚೂರಿಗಳಿಗೂ ನಾನು ಕೊಟ್ಟ ಬೆಲೆ ಒಂದು ಚಹಾ.

ರಿಪೇರಿ ಮೇಜು, ಕಂಕನಾಡಿ

ಬೈತಲೆ ಉಳಿಯವರ ದೋಸೆಯ ಕಾವಲಿಯನ್ನು ಒಪ್ಪಿದೆ. ಆದರೆ ಅಡಕೆ ದಬ್ಬೆಯ ಬಗ್ಗೆ ನನಗೆ ಅವರಷ್ಟು ವಿಶ್ವಾಸವಿಲ್ಲ. ಒಂದೇ ಮರದ ಎರಡು ದಬ್ಬೆಗಳು ಒಂದೇ ತೆರನಾಗಿ ಒತ್ತುವುದನ್ನು ನಾನು ನೋಡಿಲ್ಲ, ಹಾಗಾಗಿ ಫೈಬರ್‌ಗ್ಲಾಸ್ ಸರಳುಗಳನ್ನೇ ಬಳಸುತ್ತೇನೆ. ನಾನು ಗಿಟಾರ್ ಕಟ್ಟುವುದಕ್ಕಿಂತ ರಿಪೇರಿ ಮಾಡುವುದೇ ಹೆಚ್ಚು. ಮಂಗಳೂರಿನಲ್ಲಿ ಚರ್ಚಿನ ಗಾಯನವೃಂದ, ಮದುವೆಗೆ ಮುಂಚಿನ ರೋಸ್ ಶಾಸ್ತ್ರ, ಮದುವೆ ಎಂದು ಗಿಟಾರಿಗೆ ಬಿಡುವಿಲ್ಲ, ಹಾಗಾಗಿ ನನಗೂ ಇಲ್ಲ. ಮೇಜಿಗೆ ಬರುವ ವಾದ್ಯಗಳಲ್ಲಿ ಹೆಚ್ಚಿನವುಗಳ ಕಾಯಿಲೆ ಪೆಟ್ಟಿಗೆಯಲ್ಲಿಲ್ಲ, ಫ್ರೆಟ್ ಮತ್ತು ನಟ್‌ನಲ್ಲಿದೆ. ಆ ಭಾಗದ ಬಗ್ಗೆ ಇಲ್ಲಿ ಯಾರೂ ಹೇಳದ ಕಾರಣ ನಾನು ಹೇಳುತ್ತೇನೆ.

ಹ್ಯಾಕ್ಸಾ ಬ್ಲೇಡ್ ಖಂಡಿತ ಬೇಡ. ಫ್ರೆಟ್ ತಂತಿಯ ಕಾಲು ಕೂರಲು ಬೇಕಾದ ಸೀಳಿನ ಅಗಲ ಸುಮಾರು 0.58 ಮಿಲಿಮೀಟರ್. ಹ್ಯಾಕ್ಸಾದ ಹಲ್ಲುಗಳು ಅಲೆಯಂತೆ ಎರಡೂ ಬದಿಗೆ ಬಾಗಿರುವುದರಿಂದ ಅದು ಕೊಯ್ಯುವ ಸೀಳು ಒಂದು ಮಿಲಿಮೀಟರಿಗೆ ಹತ್ತಿರವಾಗುತ್ತದೆ. ಅಂಥ ಸೀಳಿನಲ್ಲಿ ಫ್ರೆಟ್ ಅಂಟಿನ ದಯೆಯಿಂದ ನಿಂತಿರುತ್ತದೆ, ಬೇಸಗೆಯಲ್ಲಿ ತುದಿ ಎದ್ದು ಬೆರಳನ್ನು ಗೀರುತ್ತದೆ. ಫ್ರೆಟ್ ಗರಗಸವೊಂದನ್ನು ಕೊಳ್ಳಿ. ತಮ್ಮ ಹದಿನೈದು ಸಾವಿರದಲ್ಲಿ ಮೊದಲು ಖರ್ಚಾಗಬೇಕಾದದ್ದು ಇದಕ್ಕೆ. ಗರಗಸ ನೇರ ನಿಲ್ಲಲು ಬೇಕಾದ ಮಾರ್ಗದರ್ಶಿ ಪೆಟ್ಟಿಗೆಯನ್ನು ಮಾತ್ರ ಗಟ್ಟಿ ಮರದ ಮೂರು ತುಂಡುಗಳಿಂದ ಮಾಡಿಕೊಳ್ಳಿ. ಒಂದೇ ಗಿಟಾರ್ ಕಟ್ಟುವ ಯೋಚನೆಯಿದ್ದರೆ, ಸೀಳು ಕೊಯ್ದೇ ಬರುವ ಫ್ರೆಟ್‌ಬೋರ್ಡನ್ನು ತರಿಸುವುದರಲ್ಲಿ ಅವಮಾನವೇನೂ ಇಲ್ಲ. ಆಗ ತಂತಿಯ ಉದ್ದ ಅವರದ್ದಾಗುತ್ತದೆ, ತಮ್ಮದಲ್ಲ.

ಫ್ರೆಟ್ ತಂತಿಯನ್ನು ಬಾಗಿಸುವ ಯಂತ್ರ ಮನೆಯಲ್ಲೇ ಆಗುವಂಥದ್ದು. ಸ್ಕೇಟಿಂಗ್ ಗಾಲಿಗಳಲ್ಲಿ ಬರುವ 608 ಸಂಖ್ಯೆಯ ಬೇರಿಂಗುಗಳನ್ನು, ಅಂದರೆ 22 ಮಿಲಿಮೀಟರ್ ಹೊರವ್ಯಾಸ, 8 ಮಿಲಿಮೀಟರ್ ತೂತು ಇರುವಂಥವನ್ನು, ಬಂದರಿನ ಯಾವುದಾದರೂ ಬೇರಿಂಗ್ ಅಂಗಡಿಯಿಂದ ಮೂರು ತನ್ನಿ. ದಪ್ಪ ಪ್ಲೈವುಡ್ಡಿನ ಮೇಲೆ ಎರಡನ್ನು ಸ್ಥಿರವಾಗಿ, ನಡುವಿನದನ್ನು ಉದ್ದ ತೂತಿನಲ್ಲಿ ಹಿಂದೆ ಮುಂದೆ ಸರಿಯುವಂತೆ ಕೂರಿಸಿ, ತಂತಿಯನ್ನು ಮೂರರ ನಡುವೆ ಎಳೆಯಿರಿ. ತಂತಿಯ ಬಾಗು ಫ್ರೆಟ್‌ಬೋರ್ಡಿನ ಬಾಗಿಗಿಂತ ಸ್ವಲ್ಪ ಹೆಚ್ಚಿರಲಿ. ಆಗ ಹೊಡೆದು ಕೂರಿಸಿದಾಗ ತುದಿಗಳು ಮೊದಲು ಕಚ್ಚಿಕೊಂಡು, ನಡು ಆಮೇಲೆ ಇಳಿದು, ಎದ್ದೇಳುವ ಮಾತೇ ಬರುವುದಿಲ್ಲ.

ನಟ್‌ನಲ್ಲಿ ತಂತಿಯ ಕಾಲುವೆ ಕೊರೆಯುವ ಅರಗಳ ಸೆಟ್ಟು ಈ ಕಸುಬಿನಲ್ಲಿ ಅತ್ಯಂತ ಜೇಬು ಸುಡುವ ವಸ್ತು, ಬಳಕೆ ಮಾತ್ರ ಒಂದು ಗಿಟಾರಿಗೆ ಅರ್ಧ ಗಂಟೆ. ಸಾಮಾನ್ಯ ಲೈಟ್ ತಂತಿಗಳಲ್ಲಿ ಅತಿ ತೆಳುವಿನದು 0.012 ಇಂಚು, ಅಂದರೆ 0.30 ಮಿಲಿಮೀಟರ್, ದಪ್ಪದ್ದು 0.053 ಇಂಚು, 1.35 ಮಿಲಿಮೀಟರ್. ದಪ್ಪ ತಂತಿಗಳ ಕಾಲುವೆಗೆ ಗ್ಯಾಸ್ ವೆಲ್ಡಿಂಗಿನವರು ಟಾರ್ಚಿನ ತೂತು ಬಿಡಿಸಲು ಬಳಸುವ, ಮೈಯೆಲ್ಲ ಸಣ್ಣ ಹಲ್ಲುಗಳಿರುವ ಸೂಜಿಗಳು ಚೆನ್ನಾಗಿ ಒದಗುತ್ತವೆ. ಚಾಕುವಿನಂತೆ ಮಡಚಿಡುವ ಇಡೀ ಕಟ್ಟನ್ನು ವೆಲ್ಡಿಂಗ್ ಸಾಮಾನಿನ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ತೆಳು ತಂತಿಗಳಿಗೆ ಗ್ಯಾರೇಜಿನವರು ಸಂದಿ ಅಳೆಯುವ ಫೀಲರ್ ಗೇಜಿನ ಒಂದೊಂದೇ ಎಲೆಯನ್ನು ತೆಗೆದು, ಅಂಚಿಗೆ ತ್ರಿಕೋನದ ಅರದಿಂದ ಸಣ್ಣ ಹಲ್ಲುಗಳನ್ನು ಕೊಟ್ಟರೆ ಅಳತೆ ತಿಳಿದಿರುವ ಗರಗಸವೇ ಸಿದ್ಧ. ಫ್ರೆಟ್ ತಲೆಯನ್ನು ಉರುಟು ಮಾಡಲು ಅದೇ ತ್ರಿಕೋನದ ಅರದ ಮೂಲೆಗಳನ್ನು ಸಾಣೆಗೆ ಹಿಡಿದು ಹಲ್ಲು ಅಳಿಸಿಬಿಡಿ, ಆಗ ಅದು ಪಕ್ಕದ ಮರವನ್ನು ಗೀಚುವುದಿಲ್ಲ.

ಪೆಟ್ಟಿಗೆ ಮುಚ್ಚಲು ಗಾಲಿಯಂಥ ಮೂವತ್ತು ಕ್ಲಾಂಪುಗಳನ್ನು ಕೊಳ್ಳುವ ಅಗತ್ಯವಿಲ್ಲ. ಉದ್ದ ಬೋಲ್ಟು, ರೆಕ್ಕೆಯ ನಟ್ಟು, ಹೋಲ್‌ಸಾ ಹಾಕಿ ಕೊಯ್ದ ಮರದ ಬಿಲ್ಲೆಗಳು, ಬಿಲ್ಲೆಗೆ ಒಂದು ಚರ್ಮದ ಚೂರು, ಮುಗಿಯಿತು. ಪೆಟ್ಟಿಗೆಯ ಅಂಚಿಗೆ ಅಂಟಿಸುವ ಪಟ್ಟಿಯನ್ನು, ಅಂದರೆ ಬೈಂಡಿಂಗ್, ಕಟ್ಟಲು ಸೈಕಲ್ ಟ್ಯೂಬನ್ನು ಒಂದಿಂಚು ಅಗಲಕ್ಕೆ ಉದ್ದಕ್ಕೆ ಕತ್ತರಿಸಿ ಸುತ್ತಿ. ಆದರೆ ಬೈಂಡಿಂಗಿನ ಕಾಲುವೆ ಕೊಯ್ಯಲು ಅಗ್ಗದ ಟ್ರಿಮ್ಮರ್, ಅಂದರೆ ಸಣ್ಣ ಕೈ ರೂಟರ್, ಒಂದು ಬೇಕಾಗುತ್ತದೆ; ಕೈಯಿಂದ ಗೀರಿ ಕೆತ್ತಬಹುದು ಎನ್ನುವವರು ಸ್ಪ್ರೂಸಿನ ಎಳೆ ಎದ್ದು ಬರುವುದನ್ನು ಒಮ್ಮೆ ನೋಡಲಿ.

ತೇವದ ವಿಷಯದಲ್ಲಿ ಮೇಷ್ಟ್ರ ಮಾತಿಗೆ ನನ್ನ ಮೇಜಿನದೊಂದು ಸಾಕ್ಷಿ. ಇಲ್ಲೇ ಜುಲೈಯಲ್ಲಿ ಕಟ್ಟಿದ ಒಂದು ಗಿಟಾರ್ ಮುಂದಿನ ಮಾರ್ಚಿಗೆ ಬೆಂಗಳೂರಿನಿಂದ ಹಿಂದಿರುಗಿ ಬಂತು. ಮೇಲ್ಹಲಗೆ ಬ್ರಿಡ್ಜಿನ ಕೆಳಗೆ ಉದ್ದಕ್ಕೆ ಸೀಳಿತ್ತು, ಸೀಳಿನಲ್ಲಿ ಪೋಸ್ಟ್‌ಕಾರ್ಡ್ ಸಲೀಸಾಗಿ ಹೋಗುತ್ತಿತ್ತು. ಕಟ್ಟಿದವರ ಕೈಯಲ್ಲಿ ದೋಷವಿರಲಿಲ್ಲ, ಕೀಲುಗಳೆಲ್ಲ ನನಗಿಂತ ಚೆನ್ನಾಗಿದ್ದವು.

ಆರುತಂತಿ, ಬಿಜೈ

ಮೂವರಿಗೂ ಕೃತಜ್ಞತೆಗಳು. ಮೂರು ವಾರಗಳಲ್ಲಿ ಆದದ್ದನ್ನು ಹೇಳಬೇಕೆಂದು ಬಂದೆ. ಮಾಪಕವನ್ನು ಉಪ್ಪಿನ ಚೀಲದಲ್ಲಿಟ್ಟಾಗ ಅದು 75ರ ಬದಲು 69 ತೋರಿಸಿತು. ಅಂದರೆ ನನ್ನ ಕೋಣೆಯಲ್ಲಿ 82 ಎಂದು ನಾನು ನಂಬಿದ್ದದ್ದು ನಿಜವಾಗಿ 88ರ ಹತ್ತಿರ. ಅಂಟಿನ ಬಾಟಲಿಯನ್ನು ಕಪಾಟಿನ ಮೇಲಕ್ಕೆ ಎತ್ತಿಟ್ಟುಬಿಟ್ಟೆ.

ಈ ಮಳೆಗಾಲವನ್ನು ಉಪಕರಣಗಳಿಗೇ ಬಿಡುವುದೆಂದು ತೀರ್ಮಾನಿಸಿದ್ದೇನೆ. ಫ್ರೆಟ್ ಗರಗಸ, ಡಯಲ್ ಗೇಜು, ಟ್ರಿಮ್ಮರ್, ಅಳತೆಪಟ್ಟಿ ಇಷ್ಟನ್ನು ಕೊಳ್ಳುತ್ತೇನೆ, ಉಳಿದದ್ದು ಮನೆಯಲ್ಲೇ. ಕೊಳವೆ ಲೇತ್ ಅಂಗಡಿಯಿಂದ ಬಂದಿದೆ, ಮೊದಲ ಪ್ರಯತ್ನದಲ್ಲಿ ಮಿಲ್ಲಿನ ಬೇಡವಾದ ಪಟ್ಟಿಯೊಂದು ನಡುವಿನಲ್ಲೇ ಲಟ್ಟೆಂದು ಮುರಿಯಿತು, ಮೂರನೆಯದು ಬಾಗಿತು. ಮೇಣದ ಹಾಗೆ ಸಡಿಲವಾಗುವುದೆಂದರೆ ಏನೆಂದು ಅಂಗೈಗೆ ಗೊತ್ತಾಯಿತು. ಕೋಲುಗಳಿಗೆ ಸದ್ಯಕ್ಕೆ ಬಿದಿರು.

ಒಂದೇ ಸಂದೇಹ ಉಳಿದಿದೆ. ಕಪಾಟಿನೊಳಗಿನ ಗಾಳಿ ಈಗ 47ರಲ್ಲಿದೆ. ಆದರೆ ಒಳಗಿನ ಹಲಗೆ ಪೂರ್ತಿ ಒಣಗಿದೆಯೆಂದು ತಿಳಿಯುವುದು ಹೇಗೆ?

ಕಾರ್ಯಾಗಾರ, ಮಣಿಪಾಲ

ಮಾಪಕ ತೋರಿಸುವುದು ಗಾಳಿಯನ್ನು, ಮರವನ್ನಲ್ಲ. ಮರ ನಿಧಾನವಾಗಿ ಹಿಂಬಾಲಿಸುತ್ತದೆ. ಕೋಲುಗಳಿಗೆ ಬಳಸಿದ ಅದೇ ಅಡುಗೆಮನೆಯ ತೂಕದ ಯಂತ್ರವನ್ನು ತನ್ನಿ. ಪ್ರತಿ ಹಲಗೆಯ ಮೇಲೂ ಪೆನ್ಸಿಲಿನಲ್ಲಿ ತಾರೀಕು ಮತ್ತು ತೂಕ ಬರೆಯಿರಿ, ವಾರಕ್ಕೊಮ್ಮೆ ಮತ್ತೆ ತೂಗಿ. ಎರಡು ವಾರ ಸತತವಾಗಿ ತೂಕ ಇಳಿಯದಿದ್ದರೆ ಹಲಗೆ ಕಪಾಟಿನ ಗಾಳಿಗೆ ಹೊಂದಿಕೊಂಡಿದೆ ಎಂದರ್ಥ. ಅಂಟಿಸುವ ದಿನ ಹಲಗೆಯನ್ನು ಹೊರಗೆ ಮಲಗಿಸಿ ಊಟಕ್ಕೆ ಹೋಗಬೇಡಿ; ಮೂರು ಮಿಲಿಮೀಟರಿನ ಸ್ಪ್ರೂಸ್ ಕೆಲವೇ ಗಂಟೆಗಳಲ್ಲಿ ನೀರು ಕುಡಿಯತೊಡಗುತ್ತದೆ. ಬ್ರೇಸ್, ಕೋಲು, ಅಂಟು ಎಲ್ಲ ಸಿದ್ಧವಾದ ಮೇಲೆಯೇ ಕಪಾಟಿನ ಬಾಗಿಲು ತೆಗೆಯಿರಿ. ಮನೆಯಲ್ಲಿ ಎಸಿ ಇರುವ ಕೋಣೆಯಿದ್ದರೆ ಆ ಒಂದು ದಿನಕ್ಕೆ ಅದನ್ನು ಕೇಳಿ ಪಡೆಯಿರಿ.

ಆರುತಂತಿ, ಬಿಜೈ

ತೂಗಿದೆ. ಬೆನ್ನಿನ ಎಡ ಹಲಗೆ ಕಪಾಟಿಗೆ ಹೋದ ದಿನ 391 ಗ್ರಾಂ ಇತ್ತೆಂದು ಮಿಲ್ಲಿನ ಚೀಟಿಯ ಹಿಂದೆ ಅದೃಷ್ಟಕ್ಕೆ ಬರೆದಿಟ್ಟಿದ್ದೆ, ಇವತ್ತು 378. ಎಸಿ ಇರುವುದು ಮಲಗುವ ಕೋಣೆಯಲ್ಲಿ ಮಾತ್ರ. ಅದರ ಬಗ್ಗೆ ಮನೆಯಲ್ಲಿ ಮಾತುಕತೆ ನಡೆಯುತ್ತಿದೆ.